ಹಿಂದಿನ ಚಕ್ರದ ಸಿಲ್ವರಾಡೋವನ್ನು ಆಲ್-ವೀಲ್ ಡ್ರೈವ್ ಮಾಡುವುದು ಹೇಗೆ? ಚಾಸಿಯಿಂದ ಟ್ಯೂನಿಂಗ್‌ವರೆಗೆ

ಪಿಕಪ್ ಟ್ರಕ್ಕಿನ ಹಿಂಭಾಗ ಖಾಲಿ ಇದ್ದಾಗ ಬಹಳ ಹಗುರ. ತೂಕವೆಲ್ಲ ಎಂಜಿನ್ ಇರುವ ಮುಂಭಾಗದಲ್ಲಿ, ಆದರೆ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು ಮಾತ್ರ. ಇಂಥ ಗಾಡಿಗೆ ಟರ್ಬೋ ಹಾಕಿ ಐನೂರು ಹಾರ್ಸ್‌ಪವರ್ ದಾಟಿಸಿದರೆ ಎರಡನೇ ಗೇರಲ್ಲೂ ಟೈರ್ ಹೊಗೆ ಬಿಡುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಅಗಲದ ಟೈರ್ ಹಾಕಿದರೆ ಸ್ವಲ್ಪ ಸುಧಾರಿಸುತ್ತೆ. ಅಲ್ಲಿಂದಾಚೆಗೆ ಉಳಿಯುವ ದಾರಿ, ಮುಂದಿನ ಚಕ್ರಗಳಿಗೂ ಕೆಲಸ ಕೊಡುವುದು.

ಜನರಲ್ ಮೋಟರ್ಸ್ ಇದನ್ನು ತಾನೇ ಮಾಡಿ ತೋರಿಸಿದೆ. 1991ರ ಜಿಎಂಸಿ ಸೈಕ್ಲೋನ್ ಪುಟ್ಟ ಪಿಕಪ್‌ನಲ್ಲಿ 4.3 ಲೀಟರಿನ ಟರ್ಬೋ ವಿ6 ಇತ್ತು, 280 ಹಾರ್ಸ್‌ಪವರ್. ಬಲದಲ್ಲಿ 35 ಪಾಲು ಮುಂದಕ್ಕೆ, 65 ಪಾಲು ಹಿಂದಕ್ಕೆ ಹೋಗುತ್ತಿತ್ತು. ಸಿಲ್ವರಾಡೋ ಅಂದರೆ ಅದೇ ಕಂಪನಿಯ ಷೆವರ್ಲೆ ಹೆಸರಿನ ದೊಡ್ಡ ಪಿಕಪ್. 2003ರಲ್ಲಿ ಬಂದ ಸಿಲ್ವರಾಡೋ ಎಸ್‌ಎಸ್‌ನಲ್ಲಿ 6 ಲೀಟರ್ ವಿ8, 345 ಹಾರ್ಸ್‌ಪವರ್, 38-62ರ ಹಂಚಿಕೆ. ಈ ಎಸ್‌ಎಸ್‌ನ ಟ್ರಾನ್ಸ್‌ಫರ್ ಕೇಸ್, ಅಂದರೆ ಗೇರ್‌ಬಾಕ್ಸಿನಿಂದ ಬಂದ ಬಲವನ್ನು ಹಿಂದೆ ಮುಂದೆ ಹಂಚುವ ಪೆಟ್ಟಿಗೆ, ಎನ್‌ಪಿ 149. ಅದೇ ಕಾಲದ ಕ್ಯಾಡಿಲಾಕ್ ಎಸ್ಕಲೇಡ್, ಜಿಎಂಸಿ ಡೆನಾಲಿಗಳಲ್ಲೂ ಅದೇ. ಅಮೆರಿಕದ ಗುಜರಿ ಯಾರ್ಡ್‌ಗಳಲ್ಲಿ ಅವು ಇನ್ನೂ ಸಿಗುತ್ತವೆ. ಹಾಗಾಗಿ ಈ ಬರಹ 1999ರಿಂದ 2007ರವರೆಗಿನ ಜಿಎಂಟಿ800 ತಲೆಮಾರಿನ, ಒಂದೇ ಸಾಲು ಸೀಟು ಮತ್ತು ಗಿಡ್ಡ ಬೆಡ್ (ಹಿಂದಿನ ಸಾಮಾನು ತೊಟ್ಟಿ) ಇರುವ, ಹಿಂದಿನ ಎರಡೇ ಚಕ್ರ ನೂಕುವ ಟೂ-ವೀಲ್ ಸಿಲ್ವರಾಡೋ ಬಗ್ಗೆ. ಜೋಡಿ ಗಾಡಿ ಜಿಎಂಸಿ ಸಿಯೆರಾಗೂ ಇದೇ ಲೆಕ್ಕ.

ಶುರು ಮಾಡುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ಟೈರ್ ಜಾರುತ್ತಿದ್ದುದೇ ಇಷ್ಟು ದಿನ ನಿಮ್ಮ ಗೇರ್‌ಬಾಕ್ಸ್, ಶಾಫ್ಟ್, ಕ್ರೌನ್-ಪಿನಿಯನ್ನುಗಳನ್ನು (ಶಾಫ್ಟಿನ ಬಲವನ್ನು ಎಕ್ಸೆಲ್‌ಗೆ ತಿರುಗಿಸುವ ಜೋಡಿ ಹಲ್ಲುಚಕ್ರ) ಕಾಪಾಡಿದ್ದು. ನಾಲ್ಕೂ ಚಕ್ರ ನೆಲ ಕಚ್ಚಿ ಹಿಡಿದ ದಿನದಿಂದ ಎಂಜಿನ್ನಿನ ಪೂರ್ತಿ ಹೊಡೆತ ಅವುಗಳ ಮೇಲೆ ಬೀಳುತ್ತೆ. ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಕೇಳಿಕೊಳ್ಳಬೇಕಾದ್ದು "ಇದು ಕೂರುತ್ತಾ?" ಅಂತಲ್ಲ, "ಇದು ತಡೆಯುತ್ತಾ?" ಅಂತ.

ಮೊದಲು ಕಾಗದಪತ್ರ

ಭಾರತದಲ್ಲಿ ಇದನ್ನು ರಸ್ತೆಯ ಗಾಡಿಗೆ ಮಾಡಲು ಹೋಗಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗೆ ಅಡ್ಡ ಬರುತ್ತೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ನಡೆಯಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಈ ಟ್ರಕ್ಕುಗಳು ಇರುವುದೂ ಹೆಚ್ಚಾಗಿ ಅಮೆರಿಕದಲ್ಲೇ. ಅಲ್ಲಿದ್ದು ಗ್ಯಾರೇಜ್ ಹುಚ್ಚು ಹಿಡಿಸಿಕೊಂಡ ಕನ್ನಡಿಗರಿಗೆ, ಮತ್ತೆ ಇಲ್ಲೇ ಕೂತು ಕೆಲಸ ಹೇಗೆ ನಡೆಯುತ್ತೆ ಅಂತ ತಿಳಿಯಬೇಕು ಅನ್ನುವವರಿಗೆ ಇದು.

ಅಮೆರಿಕದಲ್ಲೂ ಒಂದು ತೊಡಕಿದೆ. ಚಾಸಿಯ ಮೇಲೆ ಗಾಡಿಯ ಗುರುತು ಸಂಖ್ಯೆಯ ಒಂದು ಭಾಗ ಒತ್ತಿರುತ್ತೆ. ಚಾಸಿ ಬದಲಾಯಿಸಿದರೆ ಆ ಸಂಖ್ಯೆ ನಿಮ್ಮ ಟೈಟಲ್‌ಗೆ, ಅಂದರೆ ಗಾಡಿಯ ಒಡೆತನದ ಪತ್ರಕ್ಕೆ, ತಾಳೆ ಆಗಲ್ಲ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಚಾಸಿ ಕೊಳ್ಳುವ ಮೊದಲೇ ನಿಮ್ಮ ರಾಜ್ಯದ ವಾಹನ ನೋಂದಣಿ ಕಚೇರಿಯಲ್ಲಿ ವಿಚಾರಿಸಿ. ಡೋನರ್ ಗಾಡಿಯ (ಭಾಗಗಳನ್ನು ಬಿಚ್ಚಿಕೊಳ್ಳಲು ತಂದ ಗಾಡಿ) ಖರೀದಿ ರಸೀದಿ ಮತ್ತು ಟೈಟಲ್ ಪ್ರತಿ ಜೋಪಾನವಾಗಿಡಿ. ಹಳೆ ಸಂಖ್ಯೆ ಉಜ್ಜಿ ತೆಗೆಯುವ ಯೋಚನೆ ಬೇಡವೇ ಬೇಡ, ಅದು ಅಪರಾಧ.

ವೆಲ್ಡಿಂಗೋ, ಚಾಸಿಯೋ?

ಟೂ-ವೀಲ್ ಮತ್ತು ಫೋರ್-ವೀಲ್ ಸಿಲ್ವರಾಡೋ ಹೊರಗಿಂದ ಒಂದೇ ಥರ ಕಂಡರೂ ಚಾಸಿಯ ಮುಂಭಾಗ ಬೇರೆ ಬೇರೆ. ಟೂ-ವೀಲ್‌ನ ಮುಂದೆ ಕಾಯಿಲ್ ಸ್ಪ್ರಿಂಗ್ ಇದೆ, ಆ ಸ್ಪ್ರಿಂಗ್ ಕೂರುವ ಜಾಗದಲ್ಲೇ ಎಕ್ಸೆಲ್ ಹಾದು ಹೋಗಬೇಕು. ಫೋರ್-ವೀಲ್‌ನಲ್ಲಿ ಸ್ಪ್ರಿಂಗ್ ಬದಲು ಉದ್ದನೆಯ ಟಾರ್ಷನ್ ಬಾರ್‌ಗಳಿವೆ. ಅವುಗಳ ಹಿಂದಿನ ತುದಿ ಗೇರ್‌ಬಾಕ್ಸಿನ ಹತ್ತಿರ ಒಂದು ಅಡ್ಡಪಟ್ಟಿಯಲ್ಲಿ ಕೂರುತ್ತೆ. ಮುಂದಿನ ಡಿಫರೆನ್ಷಿಯಲ್ (ಎಡ-ಬಲ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಕೂರುವ ಬ್ರಾಕೆಟ್‌ಗಳೂ ಫೋರ್-ವೀಲ್ ಚಾಸಿಯಲ್ಲೇ ಇವೆ, ನಿಮ್ಮದರಲ್ಲಿ ಇಲ್ಲ.

ಹಾಗಾಗಿ ದಾರಿ ಮೂರು. ಹಳೆ ಚಾಸಿಗೆ ಬ್ರಾಕೆಟ್‌ಗಳನ್ನು ಮಾಡಿ ವೆಲ್ಡ್ ಮಾಡುವುದು. ಚಾಸಿಯ ಮುಂದಿನ ಅರ್ಧ ಕತ್ತರಿಸಿ ಫೋರ್-ವೀಲ್‌ನ ಅರ್ಧ ಕೂಡಿಸುವುದು. ಅಥವಾ ಪೂರ್ತಿ ಫೋರ್-ವೀಲ್ ಚಾಸಿ ತಂದು ನಿಮ್ಮ ಕ್ಯಾಬನ್ನು ಅದರ ಮೇಲೆ ಇಳಿಸುವುದು.

ಮೂರನೆಯದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಮೊದಲ ಎರಡಕ್ಕೆ ಅಳತೆ ತಪ್ಪದಂತೆ ಹಿಡಿದಿಡುವ ಜಿಗ್ ಬೇಕು, ಕೈ ಪಳಗಿದ ವೆಲ್ಡರ್ ಬೇಕು. ಬ್ರಾಕೆಟ್ ಐದು ಮಿಲಿಮೀಟರ್ ಆಚೀಚೆ ಆದರೂ ಅಲೈನ್‌ಮೆಂಟ್ ಜನ್ಮದಲ್ಲಿ ಸರಿ ಹೋಗಲ್ಲ. ಸ್ಟೀರಿಂಗ್ ಹೊತ್ತ ಭಾಗದಲ್ಲಿ ಅಂದಾಜಿನ ವೆಲ್ಡಿಂಗ್ ಇಟ್ಟುಕೊಂಡು ಇನ್ನೂರು ಕಿಲೋಮೀಟರ್ ವೇಗದಲ್ಲಿ ಹೋಗುವ ಧೈರ್ಯ ಯಾರಿಗೂ ಇರಬಾರದು. ಅದೃಷ್ಟಕ್ಕೆ ಒಂದೇ ಸಾಲು ಸೀಟಿನ ಗಿಡ್ಡ ಬೆಡ್ ಗಾಡಿ ಫೋರ್-ವೀಲ್ ಆಗಿಯೂ ಬಂದಿದೆ, ವೀಲ್‌ಬೇಸ್ ಅದೇ 119 ಇಂಚು. ಅದರ ಚಾಸಿ ಸಿಕ್ಕರೆ ಕ್ಯಾಬ್, ಬೆಡ್ ಎರಡೂ ಕತ್ತರಿ ಮುಟ್ಟಿಸದೆ ಕೂರುತ್ತವೆ. ಎಸ್ಕಲೇಡ್ ಚಾಸಿಯನ್ನು ಕಡಿಮೆ ಬೆಲೆಗೆ ಕೊಟ್ಟರೂ ತರಬೇಡಿ, ಅಳತೆಯೇ ಬೇರೆ. ಅದರಿಂದ ಬೇಕಾದ್ದು ಟ್ರಾನ್ಸ್‌ಫರ್ ಕೇಸ್ ಮತ್ತು ಮುಂದಿನ ಡಿಫರೆನ್ಷಿಯಲ್ ಅಷ್ಟೇ.

ಚಾಸಿ ಆಯುವಾಗ ತುಕ್ಕು ನೋಡಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳ ಗಾಡಿ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಒಳಗೆ ಟೊಳ್ಳಾಗಿರುತ್ತೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಸದ್ದು ಮಂಕಾದ ಕಡೆ ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಬ್ರೇಕ್ ಪೈಪ್‌ಗಳನ್ನಂತೂ ಹೇಗಿದ್ದರೂ ಬದಲಾಯಿಸಿ. ಕ್ಯಾಬ್ ಮೇಲಿಲ್ಲದಾಗ ನಿಕ್ಕಲ್-ತಾಮ್ರದ ಪೈಪ್ ಎಳೆಯುವುದು ಸಲೀಸು, ಆಮೇಲೆ ಪರದಾಟ. ವರ್ಷವೂ ನಿಮ್ಮ ಗಾಡಿಗೆ ಹತ್ತಿರ ಇರಲಿ. 2003ರ ಆಸುಪಾಸಿನಲ್ಲಿ ಸಣ್ಣಪುಟ್ಟ ಬದಲಾವಣೆಗಳಾಗಿವೆ.

ಎನ್‌ಪಿ 149 ಕೊಳ್ಳುವಾಗ

ಇದರಲ್ಲಿ ಬಟನ್ ಇಲ್ಲ, ಮೋಟಾರ್ ಇಲ್ಲ, ಕಂಪ್ಯೂಟರ್ ಇಲ್ಲ, ಲೋ ಗೇರೂ ಇಲ್ಲ. ಒಳಗೊಂದು ಪ್ಲಾನೆಟರಿ ಗೇರ್ ಬಲವನ್ನು ಹಿಂದೆ ಮುಂದೆ ಹಂಚುತ್ತೆ. ಜೊತೆಗೆ ಒಂದು ವಿಸ್ಕಸ್ ಕಪ್ಲಿಂಗ್ ಇದೆ: ಮುಚ್ಚಿದ ಡಬ್ಬಿಯೊಳಗೆ ತೆಳ್ಳನೆ ಪ್ಲೇಟುಗಳು, ನಡುವೆ ದಪ್ಪ ಸಿಲಿಕೋನ್ ದ್ರವ. ಮುಂದಿನ ಶಾಫ್ಟ್ ಮತ್ತು ಹಿಂದಿನ ಶಾಫ್ಟ್ ಬೇರೆ ಬೇರೆ ವೇಗದಲ್ಲಿ ತಿರುಗಿದರೆ ದ್ರವ ತಡೆ ಒಡ್ಡಿ ಎರಡನ್ನೂ ಒಂದೇ ವೇಗಕ್ಕೆ ಎಳೆಯುತ್ತೆ. ತಂತಿಗಳ ರಗಳೆ ಇಲ್ಲದ್ದರಿಂದಲೇ ಇದು ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಗುಜರಿಯಲ್ಲಿ ಕೊಳ್ಳುವಾಗ ಎರಡು ಪರೀಕ್ಷೆ ಮಾಡಿ. ಒಂದು, ಇನ್‌ಪುಟ್ ಶಾಫ್ಟನ್ನು ಅಲುಗದಂತೆ ಹಿಡಿದು ಮುಂದಿನ ಔಟ್‌ಪುಟ್ ತಿರುಗಿಸಿ. ಜೋನಿಬೆಲ್ಲದಲ್ಲಿ ಸೌಟು ಆಡಿಸಿದ ಹಾಗೆ ಒಂದೇ ಸಮ, ನಿಧಾನದ ತಡೆ ಸಿಗಬೇಕು. ಸಲೀಸಾಗಿ ಗಿರ್ರನೆ ತಿರುಗಿದರೆ ಕಪ್ಲಿಂಗ್ ಸತ್ತಿದೆ. ಒಂದಿಂಚೂ ಅಲುಗದಿದ್ದರೆ ಸುಟ್ಟು ಅಂಟಿಕೊಂಡಿದೆ. ಎರಡೂ ಬೇಡ.

ಎರಡನೆಯದು ಇನ್ನೂ ಮುಖ್ಯ. ಈ ಕುಟುಂಬದ ಟ್ರಾನ್ಸ್‌ಫರ್ ಕೇಸ್‌ಗಳಿಗೆ ಒಂದು ಹಳೆ ಕಾಯಿಲೆ ಇದೆ. ಹಿಂಬದಿಯ ಕವಚ ಮೆಗ್ನೀಷಿಯಂನದ್ದು, ಮೆತ್ತಗಿನ ಲೋಹ. ಒಳಗಿನ ಆಯಿಲ್ ಪಂಪಿನ ಕಿವಿಯಂಥ ತುದಿಗಳು ಅಲುಗಿ ಅಲುಗಿ ಆ ಕವಚವನ್ನು ಉಜ್ಜುತ್ತವೆ, ಕೊನೆಗೆ ಸೂಜಿಮೊನೆಯಷ್ಟು ತೂತು ಬೀಳುತ್ತೆ. ತೂತು ಇರುವುದು ಆಯಿಲ್ ಮಟ್ಟಕ್ಕಿಂತ ಮೇಲೆ. ಹಾಗಾಗಿ ನಿಲ್ಲಿಸಿದ ಗಾಡಿಯ ಕೆಳಗೆ ಒಂದು ಹನಿಯೂ ಇರಲ್ಲ. ಓಡುವಾಗ ಮಾತ್ರ ಚಿಮ್ಮಿ ಹೋಗುತ್ತೆ, ನಿಮಗೆ ಗೊತ್ತಾಗುವ ಹೊತ್ತಿಗೆ ಒಳಗೆ ಒಣಗಿರುತ್ತೆ. ಹಿಂಬದಿ ಕವಚದ ಮೇಲ್ಭಾಗದಲ್ಲಿ ಎಣ್ಣೆ ಜಿಡ್ಡಿನ ಮೇಲೆ ಧೂಳು ಕಟ್ಟಿದ್ದರೆ ಅನುಮಾನ ಪಡಿ. ಚೆನ್ನಾಗಿದ್ದರೂ ಒಮ್ಮೆ ಬಿಚ್ಚಿ ನೋಡಿ, ಪಂಪಿನ ತುದಿ ಮತ್ತು ಕವಚದ ನಡುವೆ ಕೂರುವ ರಿಪೇರಿ ಕಿಟ್ ಹಾಕಿ. ಚೈನ್ ಸಡಿಲವಾಗಿದ್ದರೆ ಅದನ್ನೂ ಆಗಲೇ ಬದಲಾಯಿಸಿ. ಆಯಿಲ್ ವಿಷಯದಲ್ಲಿ, ಬಟನ್ ಇರುವ ಎನ್‌ಪಿ 246ಗೆ ಹಾಕುವ ನೀಲಿ ಆಟೋಟ್ರಾಕ್ ದ್ರವವೇ ಇದಕ್ಕೂ ಅಂತ ಅಂದುಕೊಳ್ಳಬೇಡಿ. ಎನ್‌ಪಿ 149ಗೆ ಪುಸ್ತಕ ಹೇಳಿದ್ದನ್ನೇ ಹಾಕಿ.

ಗೇರ್‌ಬಾಕ್ಸ್

ಟೂ-ವೀಲ್ ಗಾಡಿಯ 4ಎಲ್60ಇ ಗೇರ್‌ಬಾಕ್ಸಿನ ಹಿಂದೆ ಉದ್ದನೆಯ ಬಾಲ ಇದೆ, ಔಟ್‌ಪುಟ್ ಶಾಫ್ಟೂ ಉದ್ದ. ಟ್ರಾನ್ಸ್‌ಫರ್ ಕೇಸ್‌ಗೆ ಗಿಡ್ಡ ಶಾಫ್ಟ್ ಮತ್ತು ಅಡಾಪ್ಟರ್ ಬೇಕು. ಬರೀ ಶಾಫ್ಟ್ ಬದಲಾಯಿಸಿದರಾಯಿತಲ್ಲ ಅಂತೀರಾ? ಅದಕ್ಕೆ ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕು. ಬಿಚ್ಚಿದ ಮೇಲೆ ಬಲಪಡಿಸದೆ ಮುಚ್ಚುವುದು ದಡ್ಡತನ. ಒಳಗಿನ ಸನ್ ಶೆಲ್ ಮತ್ತು 3-4 ಕ್ಲಚ್ ಪ್ಲೇಟುಗಳು ಇದರ ಬಲಹೀನ ಜಾಗಗಳು. ಆಲ್-ವೀಲ್ ಲಾಂಚ್‌ನಲ್ಲಿ, ಅಂದರೆ ನಿಂತಲ್ಲಿಂದ ಜೋರಾಗಿ ಹೊರಡುವಾಗ, ಮೊದಲು ಕೈಕೊಡುವವೂ ಅವೇ.

ಐನೂರು ಹಾರ್ಸ್‌ಪವರ್ ಮೇಲೆ ಹೋಗುವುದು ಖಚಿತ ಅಂದರೆ 4ಎಲ್60ಇ ಮೇಲೆ ದುಡ್ಡು ಸುರಿಯುವ ಬದಲು ಫೋರ್-ವೀಲ್ 4ಎಲ್80ಇ ಹುಡುಕಿ. ತೂಕ ಜಾಸ್ತಿ, ಆದರೆ ಗಟ್ಟಿ ಗಿರಾಕಿ. ಆಗ ನೆನಪಿಡಬೇಕಾದ್ದು: 4ಎಲ್60ಇ ಔಟ್‌ಪುಟ್‌ನಲ್ಲಿ 27 ಹಲ್ಲು, 4ಎಲ್80ಇ ಔಟ್‌ಪುಟ್‌ನಲ್ಲಿ 32 ಹಲ್ಲು. ಎಸ್ಕಲೇಡ್‌ನಿಂದ ಬಿಚ್ಚಿದ ಎನ್‌ಪಿ 149 ಇನ್‌ಪುಟ್ 27 ಹಲ್ಲಿನದ್ದು. ಅದನ್ನು 32 ಹಲ್ಲಿಗೆ ಬದಲಿಸಿಕೊಳ್ಳಬೇಕು. ಗೇರ್‌ಬಾಕ್ಸಿನ ಉದ್ದವೂ ಬದಲಾಗುವುದರಿಂದ ಎರಡೂ ಶಾಫ್ಟ್‌ಗಳ ಅಳತೆ ಮತ್ತೆ ತೆಗೆಯಬೇಕು. ಈ ನಿರ್ಧಾರ ಮೊದಲೇ ಆಗಿರಲಿ. ಶಾಫ್ಟ್ ಮಾಡಿಸಿದ ಮೇಲೆ ಮನಸ್ಸು ಬದಲಾದರೆ ದುಡ್ಡು ದಂಡ.

ಹಿಂದೆ ಮುಂದೆ ಒಂದೇ ರೇಶಿಯೋ

ಇಲ್ಲಿ ರಾಜಿ ಇಲ್ಲ. ಹಿಂದಿನ ಕ್ರೌನ್-ಪಿನಿಯನ್ ರೇಶಿಯೋ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು) 4.10 ಇದ್ದರೆ ಮುಂದಿನದ್ದೂ 4.10 ಇರಬೇಕು. ಸಾಮಾನ್ಯವಾಗಿ ಎಸ್ಕಲೇಡ್‌ನಲ್ಲಿ 3.73, ಸಿಲ್ವರಾಡೋ ಎಸ್‌ಎಸ್‌ನಲ್ಲಿ 4.10 ಬರುತ್ತೆ. 760 ಮಿಲಿಮೀಟರ್ ಎತ್ತರದ ಟೈರ್‌ನಲ್ಲಿ ಗಂಟೆಗೆ 100 ಕಿಲೋಮೀಟರ್ ಹೋಗುವಾಗ ಹಿಂದೆ 4.10, ಮುಂದೆ 3.73 ಇದ್ದರೆ ಎರಡು ಶಾಫ್ಟ್‌ಗಳ ನಡುವೆ ನಿಮಿಷಕ್ಕೆ ಸುಮಾರು 260 ಸುತ್ತಿನ ವ್ಯತ್ಯಾಸ ಬರುತ್ತೆ. ಅಷ್ಟನ್ನೂ ವಿಸ್ಕಸ್ ಕಪ್ಲಿಂಗ್ ಬಿಡುವಿಲ್ಲದೆ ನುಂಗಬೇಕು. ಕಾದು ಕಾದು ಸುಟ್ಟು ಹೋಗುತ್ತೆ.

ಯಾವ ರೇಶಿಯೋ ಅಂತ ತಿಳಿಯಲು ಡೋನರ್ ಗಾಡಿಯ ಗ್ಲೋವ್ ಬಾಕ್ಸ್ ತೆಗೆಯಿರಿ. ಒಳಗೆ ಮೂರು ಮೂರು ಅಕ್ಷರಗಳ ಕೋಡ್ ತುಂಬಿದ ಬಿಳಿ ಸ್ಟಿಕ್ಕರ್ ಇರುತ್ತೆ. ಜಿಯು6 ಅಂದರೆ 3.42, ಜಿಟಿ4 ಅಂದರೆ 3.73, ಜಿಟಿ5 ಅಂದರೆ 4.10. ಆದರೆ ಸ್ಟಿಕ್ಕರ್ ಹೇಳುವುದು ಕಾರ್ಖಾನೆಯಿಂದ ಬಂದ ದಿನದ ಕಥೆ. ನಡುವೆ ಯಾರಾದರೂ ಬದಲಾಯಿಸಿರಬಹುದು. ಕವರ್ ಬಿಚ್ಚಿ ಹಲ್ಲು ಎಣಿಸಿದರೆ ನೆಮ್ಮದಿ. ಕ್ರೌನ್‌ನಲ್ಲಿ 41, ಪಿನಿಯನ್‌ನಲ್ಲಿ 10 ಇದ್ದರೆ 4.10. ಪಿನಿಯನ್ 11 ಇದ್ದರೆ 3.73.

ಟೈರ್‌ಗೂ ಇದೇ ನಿಯಮ. ನಾಲ್ಕೂ ಒಂದೇ ಕಂಪನಿ, ಒಂದೇ ಅಳತೆ, ಒಂದೇ ಸವೆತ. ಹಿಂದೆ ಅಗಲ, ಮುಂದೆ ಸಣ್ಣ ಅನ್ನುವ ಡ್ರ್ಯಾಗ್ ಶೋಕಿ ಇನ್ನು ಮೇಲೆ ಇಲ್ಲ.

ಮುಂದಿನ ಡಿಫರೆನ್ಷಿಯಲ್ಲಿಗೆ ಬಂದರೆ, ಸಾಮಾನ್ಯ ಫೋರ್-ವೀಲ್ ಗಾಡಿಯಲ್ಲಿ ಬಲಗಡೆ ಎಕ್ಸೆಲನ್ನು ಬಿಡಿಸುವ ಒಂದು ಮೋಟಾರ್ ಇರುತ್ತೆ. ಆಲ್-ವೀಲ್ ಗಾಡಿಯದ್ದರಲ್ಲಿ ಅದಿಲ್ಲ, ಸದಾ ಜೋಡಿಸಿಕೊಂಡೇ ಇರುತ್ತೆ. ಎಸ್ಕಲೇಡ್ ಅಥವಾ ಎಸ್‌ಎಸ್‌ನದ್ದನ್ನೇ ತನ್ನಿ. ಹಿಂದೆ 8.6 ಇಂಚಿನ ಹೌಸಿಂಗ್ ಇದ್ದರೆ ಅದರೊಳಗಿನ ಜಿ80 ಲಾಕರ್ (ಒಂದು ಚಕ್ರ ಜಾರಿದಾಗ ಎರಡನ್ನೂ ಒಟ್ಟಿಗೆ ಕಟ್ಟುವ ಸಾಧನ) ಕಡೆ ಗಮನ ಇರಲಿ. ಕೆಸರಿನಿಂದ ಹೊರಬರಲು ಅದು ಸಾಕು, ಜೋರು ಲಾಂಚ್‌ಗೆ ಮಾಡಿದ್ದಲ್ಲ. ಅಮೆರಿಕದ ಟ್ರಕ್ ಹುಡುಗರು ಅದಕ್ಕೆ ಗವ್-ಬಾಂಬ್ ಅಂತ ಅಡ್ಡಹೆಸರು ಇಟ್ಟಿರುವುದು ಸುಮ್ನೆ ಅಲ್ಲ. ಗೇರ್ ಮಾದರಿಯ ಲಿಮಿಟೆಡ್ ಸ್ಲಿಪ್ ಹಾಕಿಸಿ.

ಕ್ಯಾಬ್ ಎತ್ತುವುದು

ಟೂ-ಪೋಸ್ಟ್ ಲಿಫ್ಟ್ ಇದ್ದರೆ ಕ್ಯಾಬನ್ನು, ಮುಂದಿನ ಫೆಂಡರ್-ರೇಡಿಯೇಟರ್ ಸಮೇತ, ಒಟ್ಟಿಗೆ ಎತ್ತಿಬಿಡಿ. ಫೆಂಡರ್ ಬಿಚ್ಚಿದರೆ ಮತ್ತೆ ಸಂದು ಸರಿಮಾಡುವುದು ದೊಡ್ಡ ತಲೆನೋವು. ಎಂಜಿನ್ ಸದ್ಯಕ್ಕೆ ಹಳೆ ಚಾಸಿಯಲ್ಲೇ ಉಳಿಯಲಿ.

ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಆದಷ್ಟು ಖಾಲಿ ಮಾಡಿ. ಏಸಿ ಗ್ಯಾಸನ್ನು ಗಾಳಿಗೆ ಬಿಡಬೇಡಿ, ಯಂತ್ರ ಇರುವವರ ಹತ್ತಿರ ತೆಗೆಸಿ. ಬೆಡ್ ಮೊದಲು ಇಳಿಸಿ, ನಾಲ್ಕು ಜನ ಇದ್ದರೆ ಕೈಯಲ್ಲೇ ಆಗುತ್ತೆ. ಆಮೇಲೆ ಸ್ಟೀರಿಂಗ್ ಶಾಫ್ಟ್, ಬ್ರೇಕ್ ಪೈಪ್, ಹ್ಯಾಂಡ್ ಬ್ರೇಕ್ ಕೇಬಲ್, ಗೇರ್ ಕೇಬಲ್, ಹೀಟರ್ ಹೋಸ್, ಪೆಟ್ರೋಲ್ ಪೈಪ್, ವೈರಿಂಗ್ ಕನೆಕ್ಟರ್‌ಗಳು. ಪ್ರತಿಯೊಂದಕ್ಕೂ ಟೇಪ್ ಅಂಟಿಸಿ ಬರೆಯಿರಿ, ಬಿಚ್ಚುವ ಮೊದಲು ಫೋನಲ್ಲಿ ಫೋಟೋ ತೆಗೆಯಿರಿ. ಸಿಲಿಂಡರ್ ಹೆಡ್ಡಿನ ಹಿಂದಿನಿಂದ ಕ್ಯಾಬಿಗೆ ಹೋಗುವ ಅರ್ತ್ ಪಟ್ಟಿ ಕಣ್ಣಿಗೆ ಬೀಳಲ್ಲ. ಅದನ್ನು ಬಿಚ್ಚದೆ ಎತ್ತಿದರೆ ಹರಿಯುತ್ತೆ, ಮರಳಿ ಹಾಕುವುದು ಮರೆತರೆ ಗಾಡಿ ಚಿತ್ರವಿಚಿತ್ರವಾಗಿ ಆಡುತ್ತೆ.

ಕ್ಯಾಬ್ ಬೋಲ್ಟ್‌ಗಳು ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸುರಿದಿಡಿ. ಎತ್ತುವಾಗ ಒಬ್ಬರು ಲಿಫ್ಟಿನ ಸ್ವಿಚ್ ಹತ್ತಿರ, ಇಬ್ಬರು ಎರಡು ಪಕ್ಕ. ಅಂಗೈಯಷ್ಟು ಎತ್ತಿ ನಿಲ್ಲಿಸಿ, ಸುತ್ತಲೂ ನೋಡಿ, ಎಲ್ಲೂ ಏನೂ ಎಳೆಯುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಮುಂದುವರಿಸಿ.

ಎಂಜಿನ್-ಗೇರ್‌ಬಾಕ್ಸನ್ನು ಹೊಸ ಚಾಸಿಗೆ ಇಳಿಸುವಾಗ ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಅಂದರೆ ಸಂಪ್, ಗಮನಿಸಿ. ಟ್ರಕ್ಕಿನದ್ದೇ ಸಂಪ್ ಇದ್ದರೆ ಮುಂದಿನ ಡಿಫರೆನ್ಷಿಯಲ್ಲಿಗೆ ತಾಗಲ್ಲ. ಗಾಡಿ ತಗ್ಗಿಸಲು ಯಾರಾದರೂ ಕಾರಿನ ಸಂಪ್ ಹಾಕಿದ್ದರೆ ಅದನ್ನು ತೆಗೆದು ಟ್ರಕ್ಕಿನದ್ದು ಹಾಕಿ.

ಟಾರ್ಷನ್ ಬಾರ್: ಹುಷಾರು

ಈ ಇಡೀ ಕೆಲಸದಲ್ಲಿ ಕೈಕಾಲು ಮುರಿಯುವ ಜಾಗ ಇದೇ. ಟಾರ್ಷನ್ ಬಾರ್ ಅಂದರೆ ತಿರುಚಿ ಇಟ್ಟ ಸ್ಪ್ರಿಂಗ್. ನೋಡಲು ಸುಮ್ಮನೆ ಮಲಗಿದ ಕಬ್ಬಿಣದ ಸಲಾಕೆ, ಒಳಗೆ ಟ್ರಕ್ಕಿನ ಮುಂಭಾಗದ ತೂಕ ಹೊರುವ ಶಕ್ತಿ. ಅದರ ಕೀಲಿಯನ್ನು ಸಡಿಲಿಸಲು ಅದಕ್ಕೇ ಮಾಡಿದ ಟೂಲ್ ಇದೆ. ಸಿ ಆಕಾರದ ದಪ್ಪ ಚೌಕಟ್ಟು, ನಡುವೆ ಉದ್ದ ಸ್ಕ್ರೂ. ಬಾಡಿಗೆಗೂ ಸಿಗುತ್ತೆ. ಎರಡು ಕಾಲಿನ ಸಾದಾ ಪುಲ್ಲರ್ ಹಾಕಿ ಜುಗಾಡ್ ಮಾಡಬೇಡಿ. ಸ್ಕ್ರೂ ತಿರುಗಿಸುವಾಗ ಅದರ ನೇರ ಕೆಳಗೆ ಮುಖ ಇಡಬೇಡಿ. ಬಾರ್‌ಗಳಿಗೆ ಎಡ-ಬಲ ಬೇರೆ ಬೇರೆ ಗುರುತಿರುತ್ತೆ, ಅದಲು ಬದಲು ಆಗಬಾರದು.

ಟೂ-ವೀಲ್ ಹಬ್‌ನಲ್ಲಿ ಎಕ್ಸೆಲ್ ಹೋಗಲು ತೂತಿಲ್ಲ. ಆದ್ದರಿಂದ ಸ್ಟೀರಿಂಗ್ ನಕಲ್ (ಹಬ್ ಹೊತ್ತು ತಿರುಗುವ ತುಂಡು), ಹಬ್, ಕಂಟ್ರೋಲ್ ಆರ್ಮ್, ಸಿವಿ ಎಕ್ಸೆಲ್ (ಬಾಗಿದಾಗಲೂ ತಿರುಗುವ ಕೀಲಿನ ಎಕ್ಸೆಲ್) ಎಲ್ಲ ಡೋನರ್‌ನದ್ದೇ. ಹಬ್ ಬೇರಿಂಗ್, ಬಾಲ್ ಜಾಯಿಂಟ್ ಹೊಸದು ಹಾಕಿ. ಗಾಡಿಯನ್ನು ತೀರಾ ತಗ್ಗಿಸುವ ಆಸೆ ಬೇಡ. ಸಿವಿ ಜಾಯಿಂಟ್ ನೇರವಾಗಿದ್ದಷ್ಟೂ ಜಾಸ್ತಿ ಬಲ ತಡೆಯುತ್ತೆ. ಗಾಡಿ ನಿಂತಾಗ ಎಕ್ಸೆಲ್ ಹೆಚ್ಚು ಕಡಿಮೆ ಅಡ್ಡಡ್ಡ ಮಲಗಿರುವ ಎತ್ತರ ಇಟ್ಟುಕೊಳ್ಳಿ.

ಶಾಫ್ಟ್ ಮತ್ತು ಸೈಲೆನ್ಸರ್ ಪೈಪ್

ಟ್ರಾನ್ಸ್‌ಫರ್ ಕೇಸ್ ನಡುವೆ ಬಂದಿದ್ದರಿಂದ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಆಗಬೇಕು. ನಾಲ್ಕೂ ಚಕ್ರ ನೆಲದ ಮೇಲಿದ್ದು, ಬೆಡ್ ಕೂತು, ಗಾಡಿ ತನ್ನ ನಿಜವಾದ ಎತ್ತರದಲ್ಲಿರುವಾಗಲೇ ಅಳತೆ ತೆಗೆಯಿರಿ. ಲಿಫ್ಟ್ ಮೇಲೆ ಹೌಸಿಂಗ್ ಜೋತಾಡುವಾಗ ತೆಗೆದ ಅಳತೆ ಸುಳ್ಳು ಹೇಳುತ್ತೆ. ಶಾಫ್ಟಿನ ತುದಿಯಲ್ಲಿ ಒಳಗೆ ಹೊರಗೆ ಜಾರುವ ಯೋಕ್ ಪೂರ್ತಿ ಒಳಗೆ ತಳ್ಳಿ, ಅಲ್ಲಿಂದ 25 ಮಿಲಿಮೀಟರ್ ಹೊರಗೆಳೆದು ಅಳೆಯಿರಿ. ಯು-ಜಾಯಿಂಟ್‌ಗಳ ಕೋನ ಎರಡೂ ತುದಿಯಲ್ಲಿ ಸಮ ಇರಲಿ, 3 ಡಿಗ್ರಿ ಒಳಗಿರಲಿ. ಇಲ್ಲದಿದ್ದರೆ ವೇಗ ಏರಿದ ಹಾಗೆ ಸೀಟು ಅದುರುತ್ತೆ. ಕತ್ತರಿಸಿ ವೆಲ್ಡ್ ಮಾಡುವುದು, ಬ್ಯಾಲೆನ್ಸ್ ಮಾಡುವುದು ಶಾಫ್ಟ್ ಅಂಗಡಿಯವರ ಕೆಲಸ, ಮನೆಯಲ್ಲಿ ಬೇಡ. 4ಎಲ್60ಇ ಉಳಿಸಿಕೊಂಡಿದ್ದರೆ ಮುಂದಿನ ಶಾಫ್ಟ್ ಡೋನರ್‌ನದ್ದೇ ಸಾಮಾನ್ಯವಾಗಿ ಸಾಕು.

ಮುಂದಿನ ಶಾಫ್ಟ್ ಗೇರ್‌ಬಾಕ್ಸಿನ ಎಡಪಕ್ಕದಲ್ಲಿ ಹಾದು ಹೋಗುತ್ತೆ. ನಿಮ್ಮ ಟರ್ಬೋ ಪೈಪ್ ಈಗ ಅಲ್ಲೇ ಇದ್ದರೆ ಬಲಗಡೆಗೆ ತಿರುಗಿಸಬೇಕು. ಶಾಫ್ಟಿನ ಬೂಟ್, ಸಿವಿ ಬೂಟ್ ಹತ್ತಿರ ಬಿಸಿ ಪೈಪ್ ಇದ್ದರೆ ರಬ್ಬರ್ ಕರಗುತ್ತೆ. ಶಾಖ ತಡೆಯುವ ಪಟ್ಟಿ ಸುತ್ತಿದರೆ ಸಾಲದು, ನಡುವೆ ತಗಡು ಅಡ್ಡ ಕಟ್ಟಿ.

ವೈರಿಂಗ್ ಮತ್ತು ಟ್ಯೂನಿಂಗ್

ಇಲ್ಲಿ ಕೆಲಸ ಕಡಿಮೆ. ಟೂ-ವೀಲ್‌ನಲ್ಲಿ ಸ್ಪೀಡ್ ಸೆನ್ಸರ್ ಗೇರ್‌ಬಾಕ್ಸಿನ ಬಾಲದಲ್ಲಿತ್ತು. ಈಗ ಅದು ಟ್ರಾನ್ಸ್‌ಫರ್ ಕೇಸಿನ ಹಿಂದೆ. ಎರಡು ತಂತಿಯನ್ನು ಒಂದಕ್ಕೊಂದು ಹೆಣೆದುಕೊಂಡಂತೆಯೇ ಉದ್ದ ಮಾಡಿ. ಬಿಡಿ ತಂತಿ ಎಳೆದರೆ ಸಿಗ್ನಲ್‌ನಲ್ಲಿ ಗದ್ದಲ ಸೇರಿ ಸ್ಪೀಡೋಮೀಟರ್ ಕುಣಿಯುತ್ತೆ. ರೇಶಿಯೋ, ಟೈರ್ ಅಳತೆಯನ್ನು ಎಚ್‌ಪಿ ಟ್ಯೂನರ್ಸ್‌ನಂಥ ಸಾಫ್ಟ್‌ವೇರ್‌ನಲ್ಲಿ ತಿದ್ದಿ. ಇಲ್ಲದಿದ್ದರೆ ಗೇರ್ ತಪ್ಪು ವೇಗದಲ್ಲಿ ಬೀಳುತ್ತೆ.

ಟರ್ಬೋ ಗಾಳಿಯ ಒತ್ತಡ, ಅಂದರೆ ಬೂಸ್ಟ್, ಮಾತ್ರ ಮೊದಲಿನ ಹಾಗೇ ಬಿಡಬೇಡಿ. ಮೊದಲ ಗೇರಲ್ಲಿ ಕಡಿಮೆ, ಗಾಡಿ ಚಲಿಸಿದ ಮೇಲೆ ಹಂತ ಹಂತವಾಗಿ ಜಾಸ್ತಿ. ಗೇರ್ ಬದಲಾಗುವಾಗ ಬಲ ತಗ್ಗಿಸುವ ಟಾರ್ಕ್ ಮ್ಯಾನೇಜ್‌ಮೆಂಟ್ ಅನ್ನು ಪೂರ್ತಿ ಕಿತ್ತು ಹಾಕುವ ಚಟ ಹಲವರಿಗಿದೆ. ಆಲ್-ವೀಲ್‌ನಲ್ಲಿ ಅದು ಗೇರ್‌ಬಾಕ್ಸಿಗೆ ಕೊಡುವ ಸುಪಾರಿ. ಬಲ ಅಳೆಯುವ ಯಂತ್ರ ಡೈನೋಗೆ ಹಾಕುವುದಾದರೆ ನಾಲ್ಕೂ ಚಕ್ರದ ಡೈನೋ ಹುಡುಕಿ. ಎರಡೇ ಚಕ್ರದ್ದರಲ್ಲಿ ಮುಂದಿನ ಶಾಫ್ಟ್ ಬಿಚ್ಚಿ ಓಡಿಸಿದರೆ ಬಲವೆಲ್ಲ ವಿಸ್ಕಸ್ ಕಪ್ಲಿಂಗ್ ಮೇಲೆ ಬಿದ್ದು ಸುಡುತ್ತೆ. ಇದೇ ಕಾರಣಕ್ಕೆ ಗಾಡಿ ಕೆಟ್ಟರೆ ಎರಡು ಚಕ್ರ ಎತ್ತಿ ಎಳೆಸಬೇಡಿ, ಫ್ಲಾಟ್‌ಬೆಡ್ ಕರೆಸಿ.

ಮೊದಲ ಓಟ

ಮುಂದಿನ ಡಿಫರೆನ್ಷಿಯಲ್ಲಿಗೆ 80ಡಬ್ಲ್ಯು-90, ಹಿಂದಕ್ಕೆ ಸಿಂಥೆಟಿಕ್ 75ಡಬ್ಲ್ಯು-90. ನಾಲ್ಕೂ ಚಕ್ರ ಸ್ಟ್ಯಾಂಡ್ ಮೇಲೆ ಇಟ್ಟು ಗೇರ್ ಹಾಕಿ ನೋಡಿ. ಹಿಂದೆ ಮಾತ್ರ ಎತ್ತಿ ಗೇರ್ ಹಾಕಿದರೆ ಮುಂದಿನ ಚಕ್ರ ಗಾಡಿಯನ್ನು ಸ್ಟ್ಯಾಂಡಿನಿಂದ ಕೆಳಗೆ ಎಳೆದು ಹಾಕುತ್ತೆ. ಸ್ಪೀಡ್ ತೋರಿಸುತ್ತಾ, ಕಟಕಟ ಸದ್ದಿದೆಯಾ, ಎಲ್ಲಾದರೂ ತಾಗುತ್ತಾ ನೋಡಿ. ಆಮೇಲೆ ಅಲೈನ್‌ಮೆಂಟ್.

ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹೊಡೆಯಿರಿ. ಗಾಡಿ ಹಾರಿ ಹಾರಿ, ಹಿಡಿದೆಳೆದ ಹಾಗೆ ತಿರುಗಿದರೆ ಒಂದೋ ಕಪ್ಲಿಂಗ್ ಅಂಟಿದೆ, ಇಲ್ಲ ರೇಶಿಯೋ ಅಥವಾ ಟೈರ್ ಅಳತೆ ತಪ್ಪಿದೆ. ಅಲ್ಲೇ ನಿಲ್ಲಿಸಿ, ಹುಡುಕಿ. ಸರಿಯಿದ್ದರೆ ಮೊದಲು ಬೂಸ್ಟ್ ಇಲ್ಲದೆ ಓಡಿಸಿ, ಬಂದು ಟ್ರಾನ್ಸ್‌ಫರ್ ಕೇಸ್ ಮುಟ್ಟಿ ನೋಡಿ. ಗೇರ್‌ಬಾಕ್ಸಿಗಿಂತ ತೀರಾ ಬಿಸಿ ಇರಬಾರದು.

ಚಕ್ರದ ನಟ್‌ಗಳನ್ನು 190 ನ್ಯೂಟನ್-ಮೀಟರ್‌ಗೆ ಬಿಗಿ ಮಾಡಿ, ನೂರು ಕಿಲೋಮೀಟರ್ ಆದ ಮೇಲೆ ಮತ್ತೆ ನೋಡಿ. ಕ್ಯಾಬ್ ಬೋಲ್ಟ್, ಟ್ರಾನ್ಸ್‌ಫರ್ ಕೇಸ್ ಅಡಾಪ್ಟರ್‌ನ ನಟ್‌ಗಳನ್ನೂ ಅದೇ ದಿನ ನೋಡಿಬಿಡಿ. ಟ್ರಾನ್ಸ್‌ಫರ್ ಕೇಸಿನ ಮೊದಲ ಆಯಿಲನ್ನು ಸಾವಿರ ಕಿಲೋಮೀಟರ್ ಒಳಗೇ ಇಳಿಸಿ ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ಬೂದುಬಣ್ಣದ ನುಣ್ಣನೆ ಕೆಸರು ಸ್ವಲ್ಪ ಇದ್ದರೆ ಚಿಂತೆ ಇಲ್ಲ. ಮಿಣಮಿಣ ಚೂರು ಕಂಡರೆ ಮತ್ತೆ ಕೆಳಗಿಳಿಸಿ ಬಿಚ್ಚಿ.